ಮೂರನೆಯ ಸಲಕ್ಕೆ ಚಹಾ

ನಮ್ಮ ಚಾಚಾನಿಗೆ ಚಹಾ ಕುಡಿಸುವುದು ಸುಲಭದ ಕೆಲಸವಾಗಿರಲಿಲ್ಲ. "ಚಾ ತರ್ಲೇನ್ರಿ ಚಾಚಾ?" ಎಂದರೆ, "ಬ್ಯಾಡೋ, ಈಗರ ಕುಡದ್ ಬಂದೀನಿ" ಎನ್ನುತ್ತಿದ್ದರು. "ಅರ್ಧಾ ಕಪ್ಪರ?" ಎಂದರೆ, "ಸಕ್ರಿ ಕಾಯಿಲಿ ಐತೋ ತಮ್ಮಾ." "ಸಕ್ರಿ ಇಲ್ದ ತರ್ತೀನಿ, ಕುಡೀರಿ" ಎಂದು ಮೂರನೆಯ ಸಲ ಗಂಟು ಬಿದ್ದಾಗ, ನನಗೊಂದು ದೊಡ್ಡ ಉಪಕಾರ ಮಾಡುವವರ ಹಾಗೆ ನಿಟ್ಟುಸಿರು ಬಿಟ್ಟು, "ಹಂಗಾರ ಸ್ವಲ್ಪ ಸಕ್ರಿ ಇರ್ಲಿ" ಎನ್ನುತ್ತಿದ್ದರು.

"ಮೊದಲ್ನೇ ಸಲಾನ ಹೂಂ ಅಂದ್ರ ನಿಮ್ಮ ಗಂಟೇನ್ ಹೊಕ್ಕೈತ್ರಿ?" ಎಂದು ಒಮ್ಮೆ ಕೇಳಿದೆ.

"ಒಮ್ಮೆ ಕೇಳೋದು ಬಾಯಿ ಕೇಳೋದೋ. ಎರಡನೇ ಸಲ ಕೇಳೋದು ಮನಸು. ಮೂರನೇ ಸಲ ಕೇಳ್ದಿ ಅಂದ್ರ ಚಾ ಖರೇನ ಒಲಿ ಮ್ಯಾಲೆ ಐತಿ ಅಂತ ಅರ್ಥ."

ನಮ್ಮ ಕಡೆಯವರಿಗೆಲ್ಲ ಇದು ಗೊತ್ತಿರುವುದೇ. ನಮ್ಮವ್ವನೂ ಹಾಗೆಯೇ, ಒಂದೇ ಸಲ ಕೇಳಿ ಸುಮ್ಮನಾಗುವವರನ್ನು ಮನುಷ್ಯರ ಲೆಕ್ಕದಲ್ಲಿ ಇಡುತ್ತಿರಲಿಲ್ಲ. ನಾನು ಮಾತ್ರ ಸೋಮಾರಿತನ ಬಂದ ದಿನ ಒಮ್ಮೆ ಕೇಳಿ, ಅವರು "ಬ್ಯಾಡೋ" ಅನ್ನುವಷ್ಟರಲ್ಲಿ ಮಾಯವಾಗುತ್ತಿದ್ದೆ. ಚಾಚಾ ಹಿಂದಿನಿಂದ ಕೂಗುತ್ತಿದ್ದರು: "ಏ ಖೋಡಿ! ಇನ್ನೊಮ್ಮೆ ಕೇಳಿದ್ರ ನಿನ್ನ ನಾಲ್ಗಿ ಸವೀತೈತೇನ?"

ಗೋವಾದ ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ಅವರ ಬಾಗಿಲಿಗೆ ನಮ್ಮ ಬಾಗಿಲು ಎದುರು. ನಡುವೆ ಇರುವ ಓಣಿ ಎಷ್ಟು ಇಕ್ಕಟ್ಟೆಂದರೆ, ಅವರ ಮನೆಯ ಕುಕ್ಕರ್ ಸೀಟಿ ಹೊಡೆದರೆ ನಮ್ಮವ್ವ ನಮ್ಮ ಒಲೆ ಸಣ್ಣ ಮಾಡುತ್ತಿದ್ದಳು. ಅವರು ವಿಜಯಪುರದ ಕಡೆಯವರು, ನಾವು ಬಾಗಲಕೋಟೆಯ ಕಡೆಯವರು. ಚಾಚಾ ಡಿಚೋಲಿಯ ಗಣಿಯಲ್ಲಿ ಟಿಪ್ಪರ್ ಓಡಿಸಿ ಹೆಸರು ಮಾಡಿದವರು. ಯಾವ ಹೆಸರು ಎಂದು ಕೇಳಿದರೆ ಅವರೇ ಹೇಳುತ್ತಿದ್ದರು. ಎರಡು ಆಡುಗಳ ನಡುವೆ ಲೋಡು ಟಿಪ್ಪರ್ ದಾಟಿಸಿದ್ದು, ಎರಡೂ ಆಡುಗಳು ಮೇಯುವುದನ್ನು ನಿಲ್ಲಿಸದೇ ಇದ್ದದ್ದು. ಈ ಕತೆಯಲ್ಲಿ ವರ್ಷ ಕಳೆದ ಹಾಗೆ ಆಡುಗಳು ಹತ್ತಿರ ಹತ್ತಿರ ಬರುತ್ತಿದ್ದವು. ಗಣಿ ನಿಂತ ಮೇಲೆ ಮಡ್ಕಯಿಯ ಕಾರ್ಖಾನೆಗಳಿಗೆ ಮಾಲು ಸಾಗಿಸಿದರು. ಆಮೇಲೆ ಸಕ್ಕರೆ ಕಾಯಿಲೆ ಎಡಗಾಲಿನ ಬೆರಳುಗಳನ್ನು ತಿಂದಿತು. ಕ್ಲಚ್ ಒತ್ತಬೇಕಾದ ಕಾಲು ಅದು. "ಉಳದಿದ್ದೆಲ್ಲಾ ಗಟ್ಟಿ ಐತ್ರಿ" ಎಂದು ಚಾಚಾ ಎಷ್ಟೇ ಹೇಳಿದರೂ ಯಾವ ಮಾಲೀಕನೂ ಚಾವಿ ಕೊಡಲಿಲ್ಲ.

ನಾನು ಆಗ ಸ್ಟೇಷನ್ ರಸ್ತೆಯ ಒಂದು ಗೇಮ್ ಅಂಗಡಿಯಲ್ಲಿ ಮ್ಯಾನೇಜರ್. ಅಂದರೆ ಗಿರಾಕಿಗಳ ಬೆವರು ಹತ್ತಿದ ಸ್ಟೇರಿಂಗ್ ಒರೆಸುವುದು, ಕಂಪ್ಯೂಟರ್ ನಿಂತರೆ ಬಂದ್ ಮಾಡಿ ಮತ್ತೆ ಚಾಲೂ ಮಾಡುವುದು. ಈ ವಿದ್ಯೆಗೆ ನಮ್ಮ ಪಾತ್ರಾಂವ್ ನನಗೆ ಪಗಾರ ಕೊಡುತ್ತಿದ್ದರು. ಗೋವಾದಲ್ಲಿ ಮಾಲೀಕನಿಗೆ ಪಾತ್ರಾಂವ್ ಎನ್ನುತ್ತಾರೆ. ಅಂಗಡಿಯಲ್ಲಿ ಕಾರ್ ರೇಸಿನ ಮೂರು ಸೀಟುಗಳಿದ್ದವು. ಸೀಟಿನ ಮುಂದೆ ಸ್ಟೇರಿಂಗ್, ಕಾಲಡಿ ಪೆಡಲ್, ಎದುರಿಗೆ ದೊಡ್ಡ ಪರದೆ. ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿಯದೋ ದೇಶದವರ ಜೊತೆ ರೇಸು.

ಒಂದು ಸಂಜೆ ನಾನು ಮರೆತ ಡಬ್ಬಿಯನ್ನು ಅವ್ವ ಚಾಚಾನ ಕೈಯಲ್ಲಿ ಕಳಿಸಿದಳು. ಚಾಚಾ ಡಬ್ಬಿ ಇಟ್ಟರು, ಸೀಟು ನೋಡಿದರು, ಬಗ್ಗಿ ಪೆಡಲ್ ನೋಡಿದರು.

"ಕ್ಲಚ್ ಎಲ್ಲೈತೋ?"

"ಇದಕ್ಕ ಬೇಕಾಗಂಗಿಲ್ರಿ. ಗೇರು ಕೈಯಾಗ ಐತಿ."

ಚಾಚಾ ಚಪ್ಪಲಿ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕುಳಿತರು. ಅವತ್ತು ನನ್ನ ಡಬ್ಬಿಯ ರೊಟ್ಟಿ ಸೆಟೆದು ಹಪ್ಪಳವಾಯಿತು. ಚಾಚಾ ಏಳಲೇ ಇಲ್ಲ.

ಇಷ್ಟು ಹೇಳಿದರೆ ಚಾಚಾ ಎಲ್ಲರನ್ನೂ ಸೋಲಿಸಿಬಿಟ್ಟರು ಎಂದು ನೀವು ಅಂದುಕೊಳ್ಳಬಹುದು. ಇಲ್ಲ. ಚಾಚಾ ಆ ಆಟವನ್ನು ಬಹಳ ಕೆಟ್ಟದಾಗಿ ಆಡುತ್ತಿದ್ದರು. ಮೊದಲ ರೇಸಿನಲ್ಲಿ ಹಸಿರು ದೀಪ ಬಂದರೂ ಹೊರಡದೆ, "ಕ್ಲೀನರ್ ಬರ್ರಿ ಬರ್ರಿ ಅಂದಿಲ್ಲಲ್ಲ ಇನ್ನಾ" ಎಂದು ಕಾದರು. ತಿರುವು ಬಂದಾಗ ಬಲಗೈ ಹೊರಗೆ ಚಾಚಿ ಪಕ್ಕದ ಸೀಟಿನ ಹುಡುಗನ ಕನ್ನಡಕ ಬೀಳಿಸಿದರು. ರೇಸ್ ಕಾರಿಗೆ ಹಾರ್ನ್ ಇಲ್ಲ ಎಂದು ತಿಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. "ಹಾರ್ನ್ ಇಲ್ದ ಗಾಡಿ ಗಾಡಿ ಅಲ್ಲೋ, ಅದು ಆ್ಯಕ್ಸಿಡೆಂಟು" ಎಂದು, ಪ್ರತಿ ತಿರುವಿಗೂ ಬಾಯಿಯಲ್ಲೇ "ಪಾಂ! ಪಾಂ!" ಹೊಡೆಯತೊಡಗಿದರು. ಆಟದಲ್ಲಿ ಅವರಿಗೆ 'ಹಾರ್ನ್ ಓಕೆ' ಎಂದು ಹೆಸರಿಟ್ಟವನು ನಾನೇ. ಮರುದಿನ ಚಾಚಾ ತಮ್ಮ ಹಳೆಯ ಟಿಪ್ಪರಿನ ಕೆಂಪು-ಹಸಿರು ದಾರದ ಸ್ಟೇರಿಂಗ್ ಕವರ್ ತಂದು, ಮೂರನೆಯ ಸೀಟಿನ ಸ್ಟೇರಿಂಗಿಗೆ ಹೊಲಿದುಬಿಟ್ಟರು. ಪಾತ್ರಾಂವ್ ನೋಡಿ ಹಣೆ ಚಚ್ಚಿಕೊಂಡರು. ಅಲ್ಲಿಂದ ಮುಂದೆ ಸಂಜೆ ಏಳರ ರೇಸು ಎಂದರೆ ಆ ಸೀಟು ಚಾಚಾನದು.

ಈ ಆಟದ ವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಘನಕಾರ್ಯ ನಿಮಗೆ ಅರ್ಥವಾಗುವುದಿಲ್ಲ. ಆಡುವ ಪ್ರತಿಯೊಬ್ಬನಿಗೂ ಒಂದು ನಂಬರ್ ಇರುತ್ತದೆ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ರೇಸಿನ ಹೊತ್ತಿಗೆ ಲೋಕದಲ್ಲಿ ಯಾರ್ಯಾರು ಗುಂಡಿ ಒತ್ತಿದ್ದಾರೋ ಅವರನ್ನೆಲ್ಲ ಕಂಪ್ಯೂಟರ್ ನಂಬರಿನ ಪ್ರಕಾರ ಗುಂಪು ಮಾಡುತ್ತದೆ. ಜೋರಿನವರು ಜೋರಿನವರ ಜೊತೆ, ನಿಧಾನದವರು ನಿಧಾನದವರ ಜೊತೆ. ಯಾರಿಗೂ ಅನ್ಯಾಯವಾಗಬಾರದು ಎಂದು ಈ ಏರ್ಪಾಡು. ಇದಲ್ಲದೆ ಇನ್ನೊಂದು ಲೆಕ್ಕವಿದೆ. ಎರಡು ಕಾರು ತಾಗಿದರೆ ಇಬ್ಬರಿಗೂ ತಪ್ಪಿನ ಅಂಕ ಬೀಳುತ್ತದೆ. ಯಾರು ಗುದ್ದಿದರು ಎಂದು ಕಂಪ್ಯೂಟರ್ ಕೇಳುವುದಿಲ್ಲ.

ಇದು ಚಾಚಾನಿಗೆ ಗೊತ್ತಾದದ್ದು ನನ್ನಿಂದ. ಇಬ್ಬರೂ ಪಕ್ಕಪಕ್ಕ ಕೂತು ಸುಮ್ಮನೆ ಆಡುತ್ತಿದ್ದೆವು. ಅವರು ತಿರುವಿನಲ್ಲಿ ಎತ್ತಿನ ಗಾಡಿಯ ಹಾಗೆ ನಿಧಾನ ಮಾಡಿದರು, ನಾನು ವಿಮಾನದ ಹಾಗೆ ಬಂದು ಹಿಂದಿನಿಂದ ಗುದ್ದಿದೆ. ಪರದೆಯ ಮೇಲೆ ಇಬ್ಬರ ಹೆಸರಿಗೂ ಸಮ ಸಮ ಅಂಕ.

"ಗುದ್ದಿದಾವ ನೀ, ಗುದ್ದಿಸ್ಕೊಂಡಾವ ನಾ. ಇಬ್ರಿಗೂ ಅಷ್ಟಷ್ಟ?"

"ಕಂಪ್ಯೂಟರ್ ಹಂಗ ರೀ."

"ಕಂಪ್ಯೂಟರಿಗೆ ಕಣ್ಣಿಲ್ಲ ಖರೆ. ನಿನಗ ಅದಾವಲ್ಲ? ನಿಲ್ಸು ಗಾಡಿ."

ಡಿಚೋಲಿಯ ಗಣಿಯಲ್ಲಿ ಟಿಪ್ಪರುಗಳು ಲೋಡಿಗೆ ಪಾಳಿ ಹಚ್ಚಿ ನಿಲ್ಲುತ್ತಿದ್ದವಂತೆ. ಪಾಳಿ ಮುರಿದವನು, ಮುಂದಿನ ಗಾಡಿಗೆ ತಾಗಿಸಿದವನು, ಯಾರೂ ಹೇಳುವ ಮೊದಲೇ ಗಾಡಿ ಹೊರಳಿಸಿಕೊಂಡು ಬಾಲಕ್ಕೆ ಹೋಗಿ ನಿಲ್ಲಬೇಕು. ಬೈಗುಳ ಇಲ್ಲ, ಜಗಳ ಇಲ್ಲ. "ಬಾಲಕ್ಕ ಹೋದಾವ್ನ ಮುಂದ ಆ ಮಾತು ಮತ್ತ ಎತ್ತೂ ಹಂಗಿಲ್ಲ. ಮುಗೀತು, ಅಂವ ಚೊಕ್ಕ ಆದ" ಎನ್ನುತ್ತಿದ್ದರು ಚಾಚಾ. ನಾನು ನಗುತ್ತ ನನ್ನ ಕಾರನ್ನು ರಸ್ತೆಯ ಪಕ್ಕ ನಿಲ್ಲಿಸಿ, ಕೊನೆಯ ಕಾರು ಹೋಗುವವರೆಗೂ ಕೈಕಟ್ಟಿ ಕೂತೆ. ಅಂಗಡಿಯ ಹುಡುಗರು ಸೀಟಿ ಹೊಡೆದರು. ಚಾಚಾ ಮಾತ್ರ ಗಂಭೀರವಾಗಿ, "ಈಗ ಬಾ" ಎಂದರು.

ಚಾಚಾನ ನಂಬರ್ ಸಣ್ಣದು. ಹಾಗಾಗಿ ಸಂಜೆ ಏಳಕ್ಕೆ ಅವರು ಬೀಳುತ್ತಿದ್ದದ್ದು ನಿಧಾನದವರ ಗುಂಪಿಗೆ. ಆ ಗುಂಪಿನಲ್ಲಿ ಪೋರ್ಚುಗಲ್ಲಿನ ಒಬ್ಬ ಅಜ್ಜ ಇದ್ದ. ಚಾಚಾನಷ್ಟೇ ನಿಧಾನ, ಚಾಚಾನಷ್ಟೇ ಹಟ. ಇಬ್ಬರೂ ಕೊನೆಯ ಎರಡು ಜಾಗಕ್ಕೆ ಪ್ರಾಣ ಕೊಟ್ಟು ಹೋರಾಡುತ್ತಿದ್ದರು. ಅಜ್ಜನಿಗೆ ಇಂಗ್ಲಿಷ್ ಬಾರದು, ಚಾಚಾನಿಗೂ ಬಾರದು. ಆದರೆ ಮೈಕ್ ಇತ್ತು. ಒಂದು ದಿನ ಚಾಚಾ ರಸ್ತೆ ಬಿಟ್ಟು ಹುಲ್ಲಿಗೆ ಉರುಳಿದಾಗ ಅಜ್ಜ ನಕ್ಕು "ಬಟಾಟ!" ಎಂದ.

ಚಾಚಾ ಹೌಹಾರಿದರು. "ಏ, ಅಂವ ಬಟಾಟಿ ಅಂದ್ನಲ್ಲೋ! ನಮ್ಮ ಕಡ್ಯಾವೇನ?"

ಗೋವಾದಲ್ಲಿ ಪೋರ್ಚುಗೀಸರು ಬಿಟ್ಟುಹೋದ ಮಾತುಗಳು ಕೊಂಕಣಿಯಲ್ಲಿವೆ, ಕೆಲವು ನಮ್ಮ ಬಾಯಿಗೂ ಬಂದು ಕೂತಿವೆ. ಚಾಚಾ ಒಂದೊಂದಾಗಿ ಎಸೆದು ನೋಡಿದರು. ಸಾಬೂನ್? ಆ ಕಡೆಯಿಂದ ನಗು. ಚಾವಿ? ನಗು. ಪಗಾರ? ಅಜ್ಜ ಕೆಮ್ಮುವವರೆಗೂ ನಕ್ಕ. ಅಂದಿನಿಂದ ಇಬ್ಬರ ಸ್ನೇಹ ಆ ನಾಲ್ಕೈದು ಮಾತಿನ ಮೇಲೆ ನಡೆಯಿತು. ಮುಂದೆ ಹೋದವನಿಗೆ 'ಪಾತ್ರಾಂವ್', ಉರುಳಿದವನಿಗೆ 'ಬಟಾಟ'. ರೇಸು ಶುರುವಾಗುವ ಮೊದಲು ಅಜ್ಜ "ಜನೇಲ?" ಎಂದು ಕೇಳುತ್ತಿದ್ದ. ಕಿಟಕಿಗೆ ಅವರೂ ಹಾಗೆನ್ನುತ್ತಾರೆ, ಕೊಂಕಣಿಯವರೂ ಹಾಗೆನ್ನುತ್ತಾರೆ. ನಿನ್ನ ಕಿಟಕಿಯ ಹೊರಗೆ ಏನಿದೆ ಎಂದು ಅದರ ಅರ್ಥ. ಚಾಚಾ ಕುತ್ತಿಗೆ ಚಾಚಿ ಹೊರಗೆ ನೋಡಿ, "ಮಳಿ!" ಎನ್ನುತ್ತಿದ್ದರು. ಅಜ್ಜ "ಮಳಿ, ಮಳಿ" ಎಂದು ತನ್ನ ನಾಲಗೆಯ ಮೇಲೆ ಉರುಳಿಸಿಕೊಳ್ಳುತ್ತಿದ್ದ. ಬಿಸಿಲಿದ್ದ ದಿನವೂ ಚಾಚಾ ಮಳಿ ಎಂದೇ ಹೇಳುತ್ತಿದ್ದರು. "ಅಂವಗ ಬರೋದು ಅದೊಂದ ಶಬ್ದ. ಪಾಪ, ಯಾಕ ಕೆಡಿಸ್ಲಿ?"

ಮನೆಗೆ ಹೋಗಿ ಚಾಚಿಗೆ ವರದಿ ಒಪ್ಪಿಸುವುದು ಬೇರೆ. ಓಣಿಯ ಈ ಕಡೆ ನಮಗೆ ಎಲ್ಲ ಕೇಳುತ್ತಿತ್ತು. "ಇವತ್ತ ಅಜ್ಜನ್ನ ಹಿಂದ ಹಾಕಿದ್ನಿ." ಚಾಚಿಯ ದನಿ: "ಭಾಳ ದೊಡ್ಡ ಸಾಧನಾ ಆತು. ಕಾಲಿಗೆ ಮುಲಾಮ್ ಹಚ್ಚಗೋರಿ ಮೊದ್ಲ."

ಹೀಗಿರುವಾಗ ಆ ಕಾಲಿನ ಗಾಯ ಮತ್ತೆ ಕೆಟ್ಟಿತು. ಆಸ್ಪತ್ರೆಗೆ ಸೇರಬೇಕಾಯಿತು. ಆಟೋ ಹತ್ತುವಾಗ ಚಾಚಾ ನನ್ನನ್ನು ಕರೆದು, "ನನ್ನ ಸೀಟು ಹಿಡದಿರು. ಅಜ್ಜಗ ನಾ ಬರ್ತೀನಿ ಅಂತ ಹೇಳು" ಎಂದರು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಅಷ್ಟೇ ಅವರು ಕೇಳಿದ್ದು.

ನನಗೆ ಟವೆಲ್ ಕೆಲಸ ಸಾಕಾಗಲಿಲ್ಲ. ಸಂಜೆ ಏಳಕ್ಕೆ ಚಾಚಾನ ಹೆಸರಿನಲ್ಲಿ ಕೂತೆ. ಅಜ್ಜ "ಜನೇಲ?" ಎಂದ. ನಾನು ಉತ್ತರ ಕೊಡದೆ ಮೈಕ್ ಬಂದ್ ಮಾಡಿದೆ, ಗಮನ ಬೇರೆ ಕಡೆ ಹೋಗಬಾರದಲ್ಲ. ಗೆದ್ದೆ. ಆ ನಿಧಾನದವರ ನಡುವೆ ನನ್ನಂಥವನು ಗೆಲ್ಲುವುದು ಎಂದರೆ ಅಂಗನವಾಡಿಯ ಓಟದಲ್ಲಿ ಪೈಲ್ವಾನ ಗೆದ್ದ ಹಾಗೆ. ಆದರೆ ಗೆಲುವು ಗೆಲುವೇ ಎಂದುಕೊಂಡೆ. ಚಾಚಾ ವಾಪಸ್ಸು ಬಂದಾಗ ನಂಬರ್ ನೋಡಿ ಬೆರಗಾಗಬೇಕು, ಅದೇ ನನ್ನ ಉಡುಗೊರೆ. ಮರುದಿನ ಮತ್ತೆ ಗೆದ್ದೆ. ಕಂಪ್ಯೂಟರ್ 'ಹಾರ್ನ್ ಓಕೆ'ಯನ್ನು ಮೇಲಿನ ಗುಂಪಿಗೆ ತಳ್ಳಿತು. ಅಲ್ಲಿಯೂ ಗೆದ್ದೆ. ಚಾಚಾ ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಇದೇ ನಡೆಯಿತು. ಅವರನ್ನು ನೋಡಲು ಹೋದಾಗ ತುಟಿ ಪಿಟಕ್ಕೆನ್ನಲಿಲ್ಲ, ಕಳ್ಳನಗೆ ನಕ್ಕೆ. ಅವರು "ಅಜ್ಜ ಹೆಂಗದಾನ?" ಎಂದರೆ "ಮಸ್ತ್ ಅದಾನ್ರಿ" ಎಂದೆ. ಅಷ್ಟರಲ್ಲಿ ನಾನು ಅಜ್ಜನ ಗುಂಪನ್ನು ದಾಟಿ ಎಷ್ಟೋ ದಿನವಾಗಿತ್ತು.

ಚಾಚಾ ಕೋಲು ಊರಿಕೊಂಡು ಅಂಗಡಿಗೆ ಬಂದ ದಿನ ಮೂರನೆಯ ಸೀಟಿಗೆ ಚೆಂಡುಹೂವಿನ ಮಾಲೆ ಹಾಕಿದ್ದೆ. ಗೋಡೆಗೆ ಅವರ ಹೊಸ ನಂಬರನ್ನು ದೊಡ್ಡದಾಗಿ ಬರೆದು ಅಂಟಿಸಿದ್ದೆ. ಹುಡುಗರು ಚಪ್ಪಾಳೆ ತಟ್ಟಿದರು. ಚಾಚಾನಿಗೆ ಏನೂ ತಿಳಿಯಲಿಲ್ಲ. ಆದರೂ ಮೀಸೆ ತಿರುವಿಕೊಂಡರು, ಚಪ್ಪಾಳೆ ಎಂದರೆ ಅವರಿಗೆ ಇಷ್ಟ.

ಏಳಾಯಿತು. ಪರದೆಯ ಮೇಲೆ ಗುಂಪಿನವರ ಹೆಸರು ಬಂದವು. ಚಾಚಾ ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದರು. ಕೆಳಗಿಂದ ಮೇಲಕ್ಕೆ ಹುಡುಕಿದರು.

"ಅಜ್ಜ ಎಲ್ಲೋ?"

"ಅಂವ ಕೆಳಗಿನ ಗುಂಪಿನ್ಯಾಗ ಉಳದ್ನ್ರಿ. ನೀವು ಮ್ಯಾಲೆ ಬಂದೀರಿ! ಚಾಂಪಿಯನ್ ಆಗೀರಿ!"

"ನಾ ಯಾವಾಗ ಬಂದ್ನೆಪಾ ಮ್ಯಾಲೆ? ನಾ ದವಾಖಾನ್ಯಾಗ ಇದ್ನೆಲ್ಲೋ."

ನಾನು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ನಗು ಸಣ್ಣದಾಗುತ್ತ ಹೋಯಿತು. ಅಷ್ಟರಲ್ಲಿ ಹಸಿರು ದೀಪ ಬಂತು. ಚಾಚಾ ಹೊರಟರು. ಗುಂಪಿನವರು ಜೇನುಹುಳುಗಳ ಹಾಗೆ ಅವರ ಎರಡೂ ಪಕ್ಕದಿಂದ ಹಾರಿಹೋದರು. ಸ್ವಲ್ಪ ಹೊತ್ತಿಗೆ ಒಂದು ಸುತ್ತು ಮುಗಿಸಿ ಹಿಂದಿನಿಂದ ಮತ್ತೆ ಬಂದರು. ಯಾರೋ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಬೈದರು. ಚಾಚಾ ಪ್ರತಿ ತಿರುವಿಗೂ "ಪಾಂ, ಪಾಂ" ಎಂದರು. ಆದರೆ ಮೆಲ್ಲಗೆ, ತಮಗಷ್ಟೇ ಕೇಳುವ ಹಾಗೆ.

ಮುಗಿದ ಮೇಲೆ ಮಾಲೆಯಿಂದ ಒಂದು ಹೂವು ಕಿತ್ತು ನನ್ನ ಜೇಬಿಗೆ ಹಾಕಿ, "ಟವೆಲ್ ಹಾಕು ಅಂದ್ರ ಬಸ್ಸ ಮಾರಿ ಬಂದಿ ನೋಡು" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಸೋತರೆ ನಂಬರ್ ತಾನಾಗಿ ಇಳಿಯುತ್ತದಲ್ಲ, ಕೆಲವೇ ದಿನದಲ್ಲಿ ಚಾಚಾ ಅಜ್ಜನ ಹತ್ತಿರ ವಾಪಸ್ಸು ಹೋಗುತ್ತಾರೆ ಎಂದು ನಾನು ಧೈರ್ಯ ಹೇಳಿಕೊಂಡೆ. ಅದೂ ಆಗಲಿಲ್ಲ. ಜೋರಿನವರ ಗುಂಪಿನಲ್ಲಿ ಎಲ್ಲರೂ ನನ್ನಂಥವರೇ. ಒಬ್ಬರನ್ನೊಬ್ಬರು ಗುದ್ದಿ, ಗೋಡೆಗೆ ಬಡಿದು, ಅರ್ಧಕ್ಕರ್ಧ ಜನ ರೇಸಿನಿಂದ ಹೊರಬೀಳುತ್ತಿದ್ದರು. ಚಾಚಾ ಯಾರಿಗೂ ತಾಗದೆ, ಎಲ್ಲರಿಗೂ ದಾರಿ ಬಿಟ್ಟು, ಗಾಡಿಯನ್ನು ಮನೆಗೆ ಮುಟ್ಟಿಸುತ್ತಿದ್ದರು. ನೋಡಿದರೆ ನಡುವಿನ ಜಾಗದಲ್ಲಿ ಅವರ ಹೆಸರು! ನಂಬರ್ ಇಂದು ಒಂದಿಷ್ಟು ಇಳಿದರೆ ನಾಳೆ ಅಷ್ಟೇ ಏರುತ್ತಿತ್ತು. ಅವರ ಸಭ್ಯತೆಯೇ ಅವರನ್ನು ಅಲ್ಲಿ ಕಟ್ಟಿಹಾಕಿತು. ಕಂಪ್ಯೂಟರ್ ಏನೂ ಅನ್ಯಾಯ ಮಾಡಲಿಲ್ಲ, ತನ್ನ ಲೆಕ್ಕ ತಾನು ಮಾಡಿತು. ಲೆಕ್ಕದೊಳಗೆ ಸುಳ್ಳು ತುಂಬಿದವನು ನಾನು.

ನಾನು ಉಪಾಯಗಳ ಮೂಟೆ ಹೊತ್ತು ಹೋದೆ. ಹೊಸ ಹೆಸರಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡೋಣ ಎಂದೆ.

"ನಂಬರ್ ಪ್ಲೇಟ್ ಬದ್ಲಿ ಮಾಡಿ ಓಡೋ ಗಾಡಿಗೆ ಏನಂತಾರ?"

"ಕಳವಿನ ಗಾಡಿ ಅಂತಾರ್ರಿ."

"ಹಾಂ."

ಹಾಗಾದರೆ ಬೇಕೆಂದೇ ಸೋಲಿ, ರೇಸು ಶುರುವಾದ ಕೂಡಲೇ ಗಾಡಿ ನಿಲ್ಲಿಸಿಬಿಡಿ ಎಂದೆ. ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಖಾಲಿ ಗಾಡಿ ಇಟ್ಕೊಂಡು ಏರಿ ಹತ್ತವಲ್ದು ಅಂತ ನಾಟಕ ಮಾಡ್ಲ್ಯಾ? ಈ ವಯಸ್ಸಿನ್ಯಾಗ?"

ಉಳಿದದ್ದು ಒಂದೇ ದಾರಿ. ಆಟದ ಕಂಪನಿಗೆ ಒಂದು ಮೇಲ್ ಬರೆಯುವುದು. ಆ ದಿನಗಳಲ್ಲಿ ಓಡಿಸಿದ್ದು ಅವರಲ್ಲ, ನಾನು ಎಂದು ತಿಳಿಸುವುದು. ಆಗ ಆ ಗೆಲುವುಗಳನ್ನೆಲ್ಲ ಅಳಿಸಿ ಚಾಚಾನ ಹಳೆಯ ನಂಬರ್ ಅವರಿಗೆ ಕೊಡುತ್ತಾರೆ. ಬೇರೆಯವರ ಹೆಸರಿನಲ್ಲಿ ಓಡಿಸಿದವನ ಸ್ವಂತ ನಂಬರನ್ನು ಮಾತ್ರ ಪೂರ್ತಿ ತೊಳೆದುಹಾಕುತ್ತಾರೆ. ನನ್ನ ನಂಬರ್ ಆಗ ಏರಿ ಕೂತಿತ್ತು. ಅಂಗಡಿಯ ಹುಡುಗರು ಅದರ ಮರ್ಯಾದೆಗೆ ನನ್ನನ್ನು 'ಭಾಯ್' ಎನ್ನುತ್ತಿದ್ದರು. ಅದರ ಬಲದ ಮೇಲೆ ಪಣಜಿಯ ಒಂದು ಸ್ಪರ್ಧೆಗೆ ನನ್ನ ಹೆಸರು ಹೋಗಿತ್ತು. ನನ್ನ ಜೀವನದಲ್ಲಿ ಅಷ್ಟು ಎತ್ತರಕ್ಕೆ ಏರಿದ ಬೇರೆ ಯಾವ ಅಂಕಿಯೂ ಇರಲಿಲ್ಲ, ಪರೀಕ್ಷೆಯ ಅಂಕಗಳಂತೂ ಹೇಳುವ ಹಾಗೇ ಇಲ್ಲ.

ಆದರೂ ಕೇಳಿದೆ. ಎಲ್ಲ ವಿವರಿಸಿ, "ಮೇಲ್ ಹಾಕ್ಲೇನ್ರಿ ಚಾಚಾ?" ಎಂದೆ.

"ನಿಂದೂ ಹೊಕ್ಕೈತೇನ ನಂಬರ್?"

"ಹೂಂ ರಿ."

"ಬ್ಯಾಡೋ" ಎಂದರು. "ನಂದೇನೈತಿ. ನಿಂದ್ಯಾಕ ಕೆಡಿಸ್ಕೋತಿ."

"ಆತ್ರಿ" ಎಂದೆ.

ಹುಟ್ಟಿದಾಗಿನಿಂದ ಹಿರಿಯರ ಮಾತನ್ನು ನಾನು ಅಷ್ಟು ಬೇಗ ಕೇಳಿದ್ದು ಅದೇ ಮೊದಲು. ಅವ್ವ ನೋಡಿದ್ದರೆ ಮಗ ಉದ್ಧಾರವಾದ ಎಂದು ದೇವರಿಗೆ ಕಾಯಿ ಒಡೆಸುತ್ತಿದ್ದಳು.

ಪಣಜಿಗೆ ಹೊಸ ಶರ್ಟ್ ಹಾಕಿಕೊಂಡು, ಕೂದಲಿಗೆ ಜೆಲ್ ಬಳಿದುಕೊಂಡು ಹೋದೆ. ದೊಡ್ಡ ಸಭಾಂಗಣ, ಬಣ್ಣದ ದೀಪ, ಹೆಸರು ಕೂಗಿದಾಗ ಹೊಗೆ. ಆ ಹೊಗೆಯಲ್ಲಿ ನನಗೆ ಕೆಮ್ಮು ಬಂತು. ಹಸಿರು ದೀಪ ಬಂದಾಗ ಇನ್ನೂ ಕೆಮ್ಮುತ್ತಿದ್ದೆ. ಮೊದಲ ತಿರುವಿನಲ್ಲೇ ನೆಟ್ಟಗೆ ಹೋಗಿ ಗೋಡೆಗೆ ಬಡಿದೆ. ಹೋಗುವ ದಾರಿಯಲ್ಲಿ ಇಬ್ಬರು ನಿರಪರಾಧಿಗಳನ್ನೂ ಜೊತೆಗೆ ಕರೆದುಕೊಂಡು ಹೋದೆ. ಶರ್ಟಿನ ಇಸ್ತ್ರಿ ಕೂಡ ಮುದುಡಿರಲಿಲ್ಲ, ನನ್ನ ಆಟ ಮುಗಿದಿತ್ತು.

ಮರುದಿನ ಚಾಚಾ ಸೀಟಿನ ಮೇಲೆ ಕೂತು ಕಾಯುತ್ತಿದ್ದರು.

"ಹೆಂಗಾತೋ?"

"ಮೊದಲ್ನೇ ತಿರುವಿಗೆ ಗ್ವಾಡಿಗೆ ಹೊಡದ್ನಿರಿ."

"ಗ್ವಾಡಿ ಬಿತ್ತೇನ?"

"ಇಲ್ರಿ."

"ಗಟ್ಟಿ ಗ್ವಾಡಿ ಬಿಡು. ಪಣಜಿದು." ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, ಸ್ಟೇರಿಂಗಿನ ಮೇಲಿನ ದಾರದ ಕವರನ್ನು ಸವರುತ್ತ, "ಅಜ್ಜ ಈಗ ಏನ್ ಮಾಡಾಕತ್ತಾನೋ ಏನೋ" ಎಂದರು.

ಹೊಳೆಯದಿರಲು ನಾನು ಅಷ್ಟೇನೂ ದಡ್ಡನಲ್ಲ. ಮೇಲ್ ಹಾಕಲೇ ಎಂದು ಎರಡನೆಯ ಸಲ ಕೇಳಬೇಕಾದ ಜಾಗ ಅದು. ಸ್ಪರ್ಧೆ ಮುಗಿದಿತ್ತು, ನಂಬರಿನಿಂದ ಆಗಬೇಕಾದದ್ದೂ ಏನೂ ಉಳಿದಿರಲಿಲ್ಲ. ಆದರೆ 'ಭಾಯ್' ಎನ್ನುವವರು ಇನ್ನೂ ಇದ್ದರು. ನಾನು ಬಾಯಿ ತೆರೆದೆ.

"ಚಾ ತರ್ಲೇನ್ರಿ?"

ಚಾಚಾ ನನ್ನ ಮುಖ ನೋಡಿದರು. "ಬ್ಯಾಡೋ" ಎಂದರು.

ಆಮೇಲೂ ಅವರು ಬರುವುದನ್ನು ಬಿಡಲಿಲ್ಲ. ಏಳಕ್ಕೆ ಕೂರುತ್ತಿದ್ದರು, ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದರು, ಬೈಸಿಕೊಳ್ಳುತ್ತ ಓಡಿಸುತ್ತಿದ್ದರು. ನಂಬರ್ ಸ್ವಲ್ಪ ಇಳಿದ ದಿನ "ಅಜ್ಜನ ಊರು ಹತ್ರ ಬಂತು" ಎನ್ನುತ್ತಿದ್ದರು. ಮಳೆಗಾಲ ಶುರುವಾದಾಗ ಗಾಯ ಮೇಲಕ್ಕೆ ಏರಿತು. ಈ ಸಲ ಆಟೋ ಹತ್ತುವಾಗ ಸೀಟು ಹಿಡಿದಿರು ಎಂದು ಹೇಳಲಿಲ್ಲ. ನಾನು ಓಣಿಯಲ್ಲೇ ನಿಂತಿದ್ದೆ. ಆಟೋದ ಒಳಗಿನಿಂದ ಕೈ ಆಡಿಸಿ, ಬಾಯಲ್ಲಿ "ಪಾಂ" ಎಂದರು. ಆಸ್ಪತ್ರೆಯಿಂದ ಅವರನ್ನು ತಂದಾಗ ನಾಲ್ಕು ಜನರ ಹೆಗಲ ಮೇಲೆ ತಂದೆವು. ಅದರಲ್ಲಿ ಒಂದು ಹೆಗಲು ನನ್ನದು.

ಮೇಲ್ ಬರೆದದ್ದು ಆಮೇಲೆ. ಬರೆಯಲು ಒಂದು ಕಪ್ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಕಂಪನಿಯವರು ತಮ್ಮ ನಿಯಮದಂತೆಯೇ ಮಾಡಿದರು. 'ಹಾರ್ನ್ ಓಕೆ'ಗೆ ಅದರ ಹಳೆಯ ಸಣ್ಣ ನಂಬರ್ ವಾಪಸ್ಸು ಬಂತು. ನನ್ನದು ತೊಳೆದುಹೋಯಿತು. ಈಗ ನಾನು ಎಲ್ಲರಿಗಿಂತ ಕೆಳಗಿನ ಗುಂಪಿನಲ್ಲಿ, ಬಾಲದಲ್ಲಿ ನಿಂತಿದ್ದೇನೆ. ಬಾಲಕ್ಕೆ ಹೋದವನ ಮುಂದೆ ಆ ಮಾತು ಮತ್ತೆ ಎತ್ತುವ ಹಾಗಿಲ್ಲ ಎನ್ನುವುದು ಗಣಿಯ ಕಾನೂನು. ಆದರೆ ಯಾರೂ ಹೇಳುವ ಮೊದಲೇ ಹೋಗಿ ನಿಂತವನಿಗೆ ಅದು.

ಆ ಗುಂಪಿನಲ್ಲಿ ಅಜ್ಜ ಸಿಕ್ಕ. ನಾನು ಮೈಕ್ ತೆರೆದೆ. ನಮ್ಮ ಅಂಗಡಿಯ ಫ್ಯಾನಿನ ಕಟಕಟ ಸದ್ದು ಅವನಿಗೆ ಗುರುತು ಹತ್ತಿರಬೇಕು.

"ಹಾರ್ನ್?" ಎಂದ.

"ನೋ ಹಾರ್ನ್" ಎಂದೆ. ನಮ್ಮ ನಡುವಿನ ಮಾತುಗಳೆಂದರೆ ಬಟಾಟ, ಚಾವಿ, ಸಾಬೂನ್, ಪಗಾರ. ಅವುಗಳಲ್ಲಿ ಯಾವುದರಿಂದಲೂ ಆ ಸುದ್ದಿ ಹೇಳಲು ಬರುತ್ತಿರಲಿಲ್ಲ. ಅಜ್ಜ ಮೆಲ್ಲಗೆ, "ಜನೇಲ?" ಎಂದ.

ಹೊರಗೆ ಬಿಸಿಲಿತ್ತು. "ಮಳಿ" ಎಂದೆ.

"ಮಳಿ" ಎಂದ ಅಜ್ಜ.

ಮರುದಿನ ಸ್ಟೇರಿಂಗಿನ ಕವರ್ ಬಿಚ್ಚಿ, ಪೇಪರಿನಲ್ಲಿ ಸುತ್ತಿಕೊಂಡು ಚಾಚಿಯ ಮನೆಗೆ ಹೋದೆ. ಚಾಚಿ ಪೇಪರ್ ಬಿಚ್ಚಿ ನೋಡಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಚಾಚಾನ ನಂಬರ್ ಹೊಳ್ಳಿ ಬಂತ್ರಿ ಚಾಚಿ" ಎಂದೆ. "ಮೇಲ್ ಹಾಕಿದ್ನಿ. ಮೊದಲಿನಂಗ ಆತ್ರಿ. ಅಜ್ಜನ ಗುಂಪು."

"ಹೌದಾ?" ಎಂದಳು. ಎದ್ದು ಒಲೆ ಹಚ್ಚಿದಳು. ನನಗೆ ಬೆನ್ನು ಮಾಡಿಕೊಂಡೇ, "ನೀ ಅವ್ರಿಗೆ ಒಮ್ಮೆ ಕೇಳಿದ್ಯಂತಲ್ಲ. ಹೇಳಿದ್ರು" ಎಂದಳು.

"ಹೂಂ ರಿ. ಬ್ಯಾಡ ಅಂದ್ರು."

ಪಾತ್ರೆಯಲ್ಲಿ ನೀರು ಕುದಿಯತೊಡಗಿತು. ಚಾಚಿ ಪುಡಿ ಹಾಕಿದಳು, ಹಾಲು ಹಾಕಿದಳು. ಏಲಕ್ಕಿಯ ವಾಸನೆ ಬಂತು.

"ಚಾ ಕುಡೀತಿಯೇನ?" ಎಂದಳು.

ಬಾಯಿಗೆ ಅಭ್ಯಾಸವಾಗಿದ್ದ ಮಾತು ತಾನಾಗಿ ಬಂತು. "ಬ್ಯಾಡ್ರಿ ಚಾಚಿ."

ಚಾಚಿ ಒಂದೇ ಬಟ್ಟಲು ತೆಗೆದು, ತನಗೆ ಸೋಸಿಕೊಂಡು, ಒಲೆ ಆರಿಸಿದಳು.